ಮೂರೂಮುಕ್ಕಾಲು ವರ್ಷದ ಮಗಳಿಗೆ ಪ್ರಿಸ್ಕೂಲ್: ನಾಲ್ಕು ಆಯ್ಕೆ ಇವೆ, ಏನು ನೋಡಿ ಆರಿಸೋದು?

ಮೈಸೂರ್_ಅಪ್ಪ:

ಮಗಳು ಹುಟ್ಟಿದ್ದು 2022ರ ಆಗಸ್ಟ್ ಮಧ್ಯದಲ್ಲಿ. ಬರುವ ಜೂನ್‌ಗೆ, ಅಂದ್ರೆ 2026ಕ್ಕೆ, ಸೇರಿಸಬೇಕು. ಮನೆಮಾತು ಕನ್ನಡ, ಇಂಗ್ಲಿಷ್ ಕಿವಿಗೆ ಬಿದ್ದಿದೆ ಅಷ್ಟೇ. ಡಯಪರ್ ಬಿಟ್ಟಿದ್ದಾಳೆ, ಆದರೆ ಮನೆಯ ಹೊರಗೆ ಟಾಯ್ಲೆಟ್ ಅಂದ್ರೆ ಹಿಂಜರಿತಾಳೆ. ನಾವಿಬ್ಬರೂ ಕೆಲಸಕ್ಕೆ ಹೋಗೋರು, ಮಧ್ಯಾಹ್ನದ ಮೇಲೆ ಅಜ್ಜಿ ನೋಡ್ಕೊಳ್ತಾರೆ, ಹಾಗಾಗಿ ಡೇಕೇರ್ ಬೇಡ.

ಹತ್ತಿರದಲ್ಲಿ ಸಿಕ್ಕಿರೋದು ಇವು:

1. ಫ್ರಾಂಚೈಸಿ ಪ್ಲೇ ಸ್ಕೂಲ್. ಬಾಡಿಗೆ ಮನೆ, ನೆಲಮಹಡಿ ಮತ್ತು ಒಂದನೇ ಮಹಡಿ. "ನರ್ಸರಿ ಬೇಡ, ನೇರ ಎಲ್‌ಕೆಜಿಗೆ ಹಾಕಿ, ವರ್ಷ ಯಾಕೆ ವೇಸ್ಟ್ ಮಾಡ್ತೀರಿ" ಅಂತಾರೆ. ಎಲ್ಲಾ ಸೇರಿ 85,000, ಬಡ್ಡಿ ಇಲ್ಲದ ಕಂತು ಮಾಡಿಸಿಕೊಡ್ತಾರಂತೆ.
2. ಮಾಂಟೆಸ್ಸರಿ. ಎರಡೂವರೆಯಿಂದ ಆರು ವರ್ಷದ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ವರ್ಷಕ್ಕೆ 60,000, ಮೂರು ಕಂತು.
3. ದೊಡ್ಡ ಸಿಬಿಎಸ್‌ಇ ಶಾಲೆಯ ಪ್ರಿ-ಪ್ರೈಮರಿ. ಸೇರುವಾಗ 50,000, ಮೇಲೆ ವರ್ಷಕ್ಕೆ 1,10,000. ವ್ಯಾನ್ ಬೇರೆ. ಮಗುವಿಗೂ ನಮಗೂ "ಇಂಟರಾಕ್ಷನ್" ಇದೆ.
4. ಬೀದಿ ಕೊನೆಯಲ್ಲಿರೋ ಅಂಗನವಾಡಿ. ಅತ್ತೆಯವರ ಸಲಹೆ.

ಮೂರು ಕಡೆ ಹೋಗಿ ಬಂದ್ವಿ. ಎಲ್ಲ ಕಡೆ ಬಣ್ಣ, ನಗು, ಟೀ. ನಿಜವಾಗಿ ಏನನ್ನ ನೋಡಬೇಕು?

ಲೆಕ್ಕದ_ಮೇಷ್ಟ್ರು:

ಮೊದಲು ವಯಸ್ಸು ಇತ್ಯರ್ಥ ಆಗಲಿ, ಯಾಕಂದ್ರೆ ಅಲ್ಲೇ ನಿಮ್ಮನ್ನ ದಾರಿ ತಪ್ಪಿಸ್ತಿದ್ದಾರೆ. ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. ಹಿಂದಕ್ಕೆ ಎಣಿಸಿದ್ರೆ ಯುಕೆಜಿಗೆ ಐದು, ಎಲ್‌ಕೆಜಿಗೆ ನಾಲ್ಕು.

ಬರುವ ಜೂನ್ 1ಕ್ಕೆ ಮಗುವಿಗೆ ಮೂರು ವರ್ಷ ಒಂಬತ್ತು ತಿಂಗಳು. ಈಗಲೇ ಎಲ್‌ಕೆಜಿಗೆ ಹಾಕಿದ್ರೆ 2027ಕ್ಕೆ ಯುಕೆಜಿ, 2028ರ ಜೂನ್‌ಗೆ ಒಂದನೇ ಕ್ಲಾಸಿನ ಬಾಗಿಲಲ್ಲಿ ನಿಂತಾಗ ಐದು ವರ್ಷ ಒಂಬತ್ತು ತಿಂಗಳು. ಒಳಗೆ ಬಿಡಲ್ಲ. ಆಗ ಗೆಳತಿಯರೆಲ್ಲ ಮುಂದಕ್ಕೆ ಹೋಗಿ ಇವಳೊಬ್ಬಳು ಮತ್ತೆ ಯುಕೆಜಿ ಕೂರಬೇಕು, ನೀವು ಒಂದು ವರ್ಷದ ಫೀಸು ಮತ್ತೆ ಕಟ್ಟಬೇಕು. ವರ್ಷ ವೇಸ್ಟ್ ಆಗೋದು ಅಂದ್ರೆ ಅದು.

ಸರಿಯಾದ ಸಾಲು: 2026 ನರ್ಸರಿ, 2027 ಎಲ್‌ಕೆಜಿ, 2028 ಯುಕೆಜಿ, 2029 ಒಂದನೇ ತರಗತಿ. 2025-26ರಲ್ಲಿ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ರು ನಿಜ, ಆದರೆ ಅದು ಆ ಒಂದು ವರ್ಷಕ್ಕೆ ಅಂತಲೇ ಹೇಳಿ ಕೊಟ್ಟದ್ದು. ಮತ್ತೆ ಕೊಡಬಹುದು ಅಂತ ನಂಬಿ ಅಡ್ಮಿಷನ್ ಮಾಡಿಸೋದು ಜೂಜು. ಮುಂದೆ ಕೇಂದ್ರೀಯ ವಿದ್ಯಾಲಯದ ಆಸೆ ಇದ್ದರೆ ಅಲ್ಲಿ ಲೆಕ್ಕ ಮಾರ್ಚ್ 31ಕ್ಕೆ, ನಿಮ್ಮ ಮಗುವಿಗೆ ಅದೂ 2029ಕ್ಕೇ ಸರಿಹೋಗುತ್ತೆ.

ಎಲ್‌ಕೆಜಿಗೆ ಹಾಕಿ ಅಂದವರನ್ನ "2028ರಲ್ಲಿ ಒಂದನೇ ತರಗತಿಗೆ ನೀವೇ ಸೀಟು ಕೊಡಿಸ್ತೀರಾ, ಬರೆದುಕೊಡಿ" ಅಂತ ಕೇಳಿ ನೋಡಿ. ಅವರಲ್ಲಿ ಒಂದನೇ ತರಗತಿಯೇ ಇರಲ್ಲ.

ಗುಬ್ಬಚ್ಚಿ_ಮಿಸ್:

ಭೇಟಿ ಕೊಟ್ಟಿದ್ದು ಎಷ್ಟು ಹೊತ್ತಿಗೆ? ಸಂಜೆ ನಾಲ್ಕಕ್ಕೋ ಶನಿವಾರವೋ ಆಗಿದ್ರೆ ನೀವು ನೋಡಿದ್ದು ಪೀಠೋಪಕರಣ ಮಾತ್ರ. ಮಕ್ಕಳಿರುವಾಗ, ಹತ್ತೂವರೆಯಿಂದ ಹನ್ನೊಂದೂವರೆ, ಒಂದು ಮೂಲೆಯಲ್ಲಿ ಸುಮ್ಮನೆ ಕೂರ್ತೀವಿ ಅಂತ ಕೇಳಿ. ಡಬ್ಬಿ ತೆಗೆಯೋದು, ಕೈ ತೊಳೆಯೋದು, ಟಾಯ್ಲೆಟ್ ಎಲ್ಲ ಆ ಹೊತ್ತಿಗೆ ಒಟ್ಟಿಗೆ ಬರುತ್ತೆ, ವ್ಯವಸ್ಥೆ ಎಲ್ಲಿ ಸಡಿಲ ಅನ್ನೋದು ಆಗಲೇ ಕಾಣೋದು. ಏಪ್ರಿಲ್ ರಜೆ ಶುರುವಾಗೋ ಮುಂಚೆ ಇದನ್ನ ಮುಗಿಸ್ಕೊಳ್ಳಿ.

ಮೊದಲು ತಲೆ ಎಣಿಸಿ. 2013ರ ರಾಷ್ಟ್ರೀಯ ಶಿಶು ಪಾಲನೆ-ಶಿಕ್ಷಣ ನೀತಿಯ ಗುಣಮಟ್ಟದ ಪಟ್ಟಿಯಲ್ಲಿ ಮೂರರಿಂದ ಆರು ವರ್ಷದವರಿಗೆ 20 ಮಕ್ಕಳಿಗೆ ಒಬ್ಬ ದೊಡ್ಡವರು, ಮೂರಕ್ಕಿಂತ ಕೆಳಗೆ 10 ಮಕ್ಕಳಿಗೆ ಒಬ್ಬರು ಅಂತಿದೆ. ಇದು ಕೊನೆಯ ಗಡಿ, ಒಳ್ಳೆಯ ಲೆಕ್ಕ ಅಲ್ಲ. ಆಫೀಸಿನಲ್ಲಿ ಹೇಳೋ ಸಂಖ್ಯೆಯಲ್ಲಿ ಪ್ರಿನ್ಸಿಪಾಲ್, ರಿಸೆಪ್ಷನ್, ಡಾನ್ಸ್ ಮೇಷ್ಟ್ರು ಎಲ್ಲ ಸೇರಿರ್ತಾರೆ. ನಿಮಗೆ ಬೇಕಿರೋದು ಹನ್ನೊಂದು ಗಂಟೆಗೆ ಆ ಕೋಣೆಯೊಳಗೆ ನಿಂತಿರೋ ಕಾಲುಗಳ ಲೆಕ್ಕ. 25 ಮಕ್ಕಳು, ಒಬ್ಬ ಮಿಸ್, ಒಬ್ಬ ಆಯಾ ಅಂದ್ಕೊಳ್ಳಿ. ಆಯಾ ಒಂದು ಮಗುವನ್ನ ಟಾಯ್ಲೆಟ್‌ಗೆ ಕರ್ಕೊಂಡು ಹೋದ ತಕ್ಷಣ 24 ಮಕ್ಕಳಿಗೆ ಒಬ್ಬರೇ. ಆಗ ಇನ್ನೊಂದು ಮಗು ವಾಂತಿ ಮಾಡಿದ್ರೆ ಉಳಿದ 23ಕ್ಕೆ ಯಾರೂ ಇಲ್ಲ. ಆಯಾ ರಜೆ ಹಾಕಿದ ದಿನ ಏನು ಮಾಡ್ತೀರಿ ಅಂತ ಕೇಳಿ, ಉತ್ತರ ತಡವರಿಸಿದ್ರೆ ಆ ದಿನ ಏನೂ ಮಾಡಲ್ಲ ಅಂತ ಅರ್ಥ.

ಜಾಗ: ಅದೇ ಪಟ್ಟಿ 30 ಮಕ್ಕಳ ಗುಂಪಿಗೆ ಕನಿಷ್ಠ 35 ಚದರ ಮೀಟರ್ ಕೋಣೆ, 30 ಚದರ ಮೀಟರ್ ಹೊರಾಂಗಣ ಹೇಳುತ್ತೆ. ಒಂದು ಮಗುವಿಗೆ ಸುಮಾರು ಹನ್ನೆರಡೂವರೆ ಚದರಡಿ. ಟೇಪ್ ಹಿಡ್ಕೊಂಡು ಹೋಗಬೇಕಿಲ್ಲ, ನೆಲದಲ್ಲಿ ಎರಡಡಿ-ಎರಡಡಿಯ ಟೈಲ್ಸ್ ಇದ್ರೆ ಮಗುವಿಗೆ ಮೂರು ಟೈಲು ಅಂತ ಎಣಿಸಿ. ಹನ್ನೆರಡಕ್ಕೆ ಹದಿನಾಲ್ಕು ಅಡಿಯ ಬೆಡ್‌ರೂಮ್‌ನಲ್ಲಿ 13 ಮಕ್ಕಳಿಗೆ ಜಾಗ, ಅದೂ ಕಪಾಟು ಮೇಜು ಇಲ್ಲದಿದ್ರೆ. ನಿಮ್ಮ ಮೊದಲನೇ ಆಯ್ಕೆ ಬಾಡಿಗೆ ಮನೆ ಅಂದ್ರಲ್ಲ, ಅಲ್ಲಿ ಇದನ್ನ ಮರೀಬೇಡಿ.

ಗೋಡೆ ನೋಡಿ. ಒಂದೇ ಅಳತೆಯ ಇಪ್ಪತ್ತು ನವಿಲು, ಇಪ್ಪತ್ತಕ್ಕೂ ಕಣ್ಣು ಸರಿಯಾದ ಜಾಗದಲ್ಲಿ ಅಂಟಿದೆ ಅಂದ್ರೆ ಅದು ಮಿಸ್ ರಾತ್ರಿ ಕೂತು ಕತ್ತರಿಸಿದ್ದು. ಅಂಟು ಸೋರಿರೋ, ಕಾಲು ತಲೆಮೇಲೆ ಇರೋ ನವಿಲಿಗೆ ನನ್ನ ವೋಟು.

ಪುಸ್ತಕ ಕೇಳಿದ್ರೆ ಮಾದರಿ ಪುಸ್ತಕ ತೋರಿಸ್ತಾರೆ. ಯಾವುದಾದ್ರೂ ಮಗುವಿನ ನವೆಂಬರ್ ತಿಂಗಳ ಹಾಳೆ ತೋರಿಸಿ ಅನ್ನಿ. ನರ್ಸರಿ ಮಗುವಿನ ಹಾಳೆ ತುಂಬ ನಾಲ್ಕು ಗೆರೆಯೊಳಗೆ ಇಂಗ್ಲಿಷ್ ಅಕ್ಷರ ತಿದ್ದಿಸಿದ್ರೆ ಅದು ಕೈಗೆ ಬೇಗ. ಸಾಮಾನ್ಯವಾಗಿ ಮಕ್ಕಳು ನೋಡಿ ಬರೆಯೋದು ಹೀಗೆ ಬರುತ್ತೆ: ಮೂರರ ಹೊತ್ತಿಗೆ ವೃತ್ತ, ನಾಲ್ಕರ ಹೊತ್ತಿಗೆ ಕೂಡುವ ಗುರುತು, ನಾಲ್ಕೂವರೆ ದಾಟಿದ ಮೇಲೆ ಚೌಕ, ಐದರ ಸುಮಾರಿಗೆ ತ್ರಿಕೋನ. ಇಂಗ್ಲಿಷಿನ ಮೊದಲ ದೊಡ್ಡಕ್ಷರಕ್ಕೇ ಎರಡು ಓರೆಗೆರೆ ಬೇಕು, ಅಂದ್ರೆ ಅದು ತ್ರಿಕೋನದ ಸಂಬಂಧಿ. ನಮ್ಮ 'ಅ' ಇನ್ನೂ ಕಷ್ಟ, ಒಂದನೇ ತರಗತಿಯಲ್ಲೇ ರ, ಗ, ಸ, ದ ಮುಗಿಸಿ ಆಮೇಲೆ 'ಅ'ಗೆ ಬರೋದು ಅದಕ್ಕೇ. ಕೈ ಬಲಿಯದೆ ಪೆನ್ಸಿಲ್ ಕೊಟ್ರೆ ಮಗು ಮುಷ್ಟಿ ಕಟ್ಟಿ ಹಿಡಿಯುತ್ತೆ, ಭುಜದಿಂದ ಒತ್ತಿ ಬರೆಯುತ್ತೆ, ಆ ಹಿಡಿತ ಆಮೇಲೆ ಬಿಡಿಸೋದು ತ್ರಾಸ. ಹಿಟ್ಟು ನಾದೋದು, ಕಾಗದ ಹರಿಯೋದು, ಬಟ್ಟೆ ಕ್ಲಿಪ್ ಹಾಕೋದು, ಮಣಿ ಪೋಣಿಸೋದು ದಿನಚರಿಯಲ್ಲಿ ಇದೆಯಾ ನೋಡಿ. ಬರವಣಿಗೆಯ ತಯಾರಿ ಅಂದ್ರೆ ಅದೇ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೂ ಮೂರರಿಂದ ಆರರವರಿಗೆ ಪಠ್ಯಪುಸ್ತಕ ಇಲ್ಲ.

ಇನ್ನು ಮಾಂಟೆಸ್ಸರಿ. ಈ ಹೆಸರನ್ನ ಯಾರು ಬೇಕಾದರೂ ಬೋರ್ಡಿಗೆ ಹಾಕ್ಕೊಳ್ಳಬಹುದು, ಹಾಗಾಗಿ ಮಕ್ಕಳು ಕೈಯಲ್ಲಿ ಹಿಡಿದು ಕಲಿಯೋ ಸಾಮಾನು ನೋಡಿ. ಪಿಂಕ್ ಟವರ್‌ನಲ್ಲಿ ಹತ್ತು ಘನ ಇರಬೇಕು, ಹತ್ತು ಸೆಂಟಿಮೀಟರಿಂದ ಒಂದು ಸೆಂಟಿಮೀಟರ್ ತನಕ. ಮೊದಲು ಕಳೆದುಹೋಗೋದು ಆ ಒಂದು ಸೆಂಟಿಮೀಟರಿನದು. ಸ್ಪಿಂಡಲ್ ಬಾಕ್ಸ್‌ನಲ್ಲಿ ಕಡ್ಡಿ ಸರಿಯಾಗಿ 45 ಇರಬೇಕು. ಸೊನ್ನೆಯಿಂದ ಒಂಬತ್ತರ ಮನೆ ತನಕ ಮಗು ತುಂಬ್ತಾ ಹೋಗುತ್ತೆ, ಕೊನೆಯ ಮನೆಗೆ ಕಡಿಮೆ ಬಿದ್ರೆ ಎಲ್ಲೋ ಎಣಿಕೆ ತಪ್ಪಿದೆ ಅಂತ ತಾನೇ ಕಂಡುಕೊಳ್ಳುತ್ತೆ. 44 ಕಡ್ಡಿ ಇಟ್ಟರೆ ಸರಿಯಾಗಿ ಎಣಿಸಿದ ಮಗುವೂ ತಾನೇ ತಪ್ಪು ಅಂದ್ಕೊಳ್ಳುತ್ತೆ. ಸಾಮಾನು ಧೂಳು ಹಿಡಿದು ಗಾಜಿನ ಬೀರುವಿನಲ್ಲಿದ್ರೆ ಅದು ಪ್ರದರ್ಶನಕ್ಕೆ. ಮಗುವಿನ ಎದೆಮಟ್ಟದ ತೆರೆದ ಕಪಾಟಿನಲ್ಲಿ, ಪ್ರತಿಯೊಂದೂ ಒಂದೊಂದೇ ಇದ್ದು, ಅಂಚು ಸ್ವಲ್ಪ ಸವೆದಿದ್ರೆ ಬಳಸ್ತಿದ್ದಾರೆ ಅಂತ. ಮರಳುಕಾಗದದ ಅಕ್ಷರ (ಬೆರಳಿಂದ ಸವರಿ ಕಲಿಯೋದು) ಕನ್ನಡದಲ್ಲೂ ಇದೆಯಾ ಕೇಳಿ.

ಇನ್ನೊಂದು: ಬೆಳಿಗ್ಗೆ ಅಡೆತಡೆ ಇಲ್ಲದೆ ಎರಡೂವರೆ-ಮೂರು ಗಂಟೆ ಮಕ್ಕಳು ತಾವೇ ಆರಿಸಿ ಕೆಲಸ ಮಾಡೋ ಅವಧಿ ಇರಬೇಕು. ಮುಕ್ಕಾಲು ಗಂಟೆ "ಮಾಂಟೆಸ್ಸರಿ ಪೀರಿಯಡ್", ಆಮೇಲೆ ರೈಮ್ಸ್, ಆಮೇಲೆ ಬರವಣಿಗೆ ಅಂದ್ರೆ ಅದು ಮಾಮೂಲಿ ನರ್ಸರಿ. ಕೆಟ್ಟದ್ದು ಅಂತ ಅಲ್ಲ, ಹೆಸರಿಗೆ ಜಾಸ್ತಿ ದುಡ್ಡು ಕೊಡಬೇಡಿ.

ಧಾರವಾಡ_ಪೇಡೆ:

ಅಂಗನವಾಡಿ ಅಂದಕೂಡ್ಲೇ ಮೂಗು ಮುರೀಬ್ಯಾಡ್ರಿ. ನೀವು ಮೈಸೂರಿನವ್ರು, ಈ ಯೋಜನೆ 1975ರಾಗ ಶುರುವಾದಾಗ ಕರ್ನಾಟಕದಾಗ ಮೊದಲು ಬಂದದ್ದು ನಿಮ್ಮ ಟಿ. ನರಸೀಪುರಕ್ಕ. ನಿಮ್ಮ ಅತ್ತೆಯವ್ರ ಮಾತು ತೆಗೆದು ಹಾಕೂಹಂಗಿಲ್ಲ.

ಒಳ್ಳೇದು ಏನಪಾ ಅಂದ್ರ: ಮನೀ ಹತ್ರ, ವ್ಯಾನ್ ಬೇಕಿಲ್ಲ, ಹಾಲು-ಊಟ ಅಲ್ಲೇ, ತೂಕ-ಎತ್ತರ ಬರೆದಿಡ್ತಾರ, ಎಲ್ಲಾ ಕನ್ನಡದಾಗ. 'ಚಿಲಿಪಿಲಿ' ಅಂತ ಚಟುವಟಿಕೆ ಪುಸ್ತಕ ಐತಿ, ಹಾಡು, ಕತಿ, ಆಟ ಎಲ್ಲಾ ಅದರಾಗ, ಖಾಸಗಿ ನರ್ಸರಿ ಸಿಲಬಸ್‌ಗಿಂತ ಎಷ್ಟೋ ಪಾಲು ವಯಸ್ಸಿಗೆ ಹೊಂದೂದು. ತೊಂದ್ರಿ ಪುಸ್ತಕದಾಗಿಲ್ಲ, ಟೈಮ್‌ನಾಗ ಐತಿ. ಒಬ್ಬ ಕಾರ್ಯಕರ್ತಿ, ಒಬ್ಬ ಸಹಾಯಕಿ. ಗರ್ಭಿಣಿಯರ ಪಟ್ಟಿ, ಮೊಬೈಲ್‌ನಾಗ ಎಂಟ್ರಿ, ಸರ್ವೇ, ಮತದಾರರ ಪಟ್ಟಿ ಎಲ್ಲಾ ಅವ್ರ ತಲೀಮ್ಯಾಲೆ. ಪಾಠ ಹೇಳಾಕ ಪುರಸೊತ್ತು ಎಷ್ಟು ಉಳೀತೈತಿ ಅನ್ನೂದು ಕೇಂದ್ರದಿಂದ ಕೇಂದ್ರಕ್ಕ ಬ್ಯಾರೆ.

ಹಂಗಾಗಿ ಹೋಗಿ ನೋಡ್ರಿ. ಸಹಾಯಕಿ ಹುದ್ದೆ ಖಾಲಿ ಐತೇನು? ಹಾಜರಿ ಪುಸ್ತಕದಾಗ ಮೂವತ್ತು ಹೆಸರಿದ್ದು ಕುಂತಾವು ಎಂಟಾ? ಐದು ವರ್ಷದ ಮಕ್ಕಳು ಅದಾವೋ ಇಲ್ಲೋ? ಬಹಳ ಕಡೆ ನಾಕು ದಾಟಿದ ಕೂಡ್ಲೇ ಮಕ್ಕಳನ್ನ ಕಾನ್ವೆಂಟಿಗೆ ಎತ್ತಿ ಒಯ್ತಾರ, ಆಮ್ಯಾಲೆ ಉಳಿಯೋವೆಲ್ಲಾ ಮೂರು ವರ್ಷದ ಕೂಸುಗಳು, ನಿಮ್ಮ ಮಗಳಿಗೆ ಮಾತಾಡಾಕ ಜೋಡಿ ಸಿಗೂದಿಲ್ಲ. ನರ್ಸರಿ ವರ್ಷ ಅಂಗನವಾಡಿ, ಮುಂದ ಹತ್ರದಾಗ ಸರ್ಕಾರದ ಕರ್ನಾಟಕ ಪಬ್ಲಿಕ್ ಸ್ಕೂಲ್ ಇದ್ರ ಅಲ್ಲೇ ಎಲ್‌ಕೆಜಿ, ಇದೂ ಒಂದು ದಾರಿ. ರೊಕ್ಕ ಉಳೀತೈತಿ ಅಂತ ಹೇಳಾಕತ್ತಿಲ್ಲ, ಆದ್ರ ಉಳೀತೈತಿ.

ಖಾತೆ_ಪುಸ್ತಕ:

ರೊಕ್ಕದ ಮಾತು ಬಂತಲ್ಲ, ಮೂರು ವರ್ಷಕ್ಕೆ ಲೆಕ್ಕ ಹಾಕಿ, ಒಂದು ವರ್ಷಕ್ಕಲ್ಲ. ವರ್ಷಕ್ಕೆ ಶೇಕಡಾ ಹತ್ತು ಏರಿಕೆ ಅಂತ ಇಟ್ಟುಕೊಂಡ್ರೆ ನಿಮ್ಮ ಮೂರನೇ ಆಯ್ಕೆ: 1,10,000, 1,21,000, 1,33,100, ಸೇರುವಾಗಿನ 50,000. ಒಟ್ಟು 4,14,100. ವ್ಯಾನ್ ತಿಂಗಳಿಗೆ 1,800 ಅಂದುಕೊಂಡು ವರ್ಷಕ್ಕೆ ಹತ್ತು ತಿಂಗಳು ಹಿಡಿದ್ರೆ ಇನ್ನೂ 54,000. ನಾಲ್ಕು ಲಕ್ಷದ ಅರವತ್ತೆಂಟು ಸಾವಿರ. ಮಾಂಟೆಸ್ಸರಿ ಅದೇ ಏರಿಕೆಯಲ್ಲಿ 60,000, 66,000, 72,600, ಒಟ್ಟು 1,98,600. ಅಂತರ ಎರಡೂಮುಕ್ಕಾಲು ಲಕ್ಷದ ಹತ್ತಿರ. ಒಂದನೇ ತರಗತಿಗೆ ಎಲ್ಲಿಗಾದ್ರೂ ಸೇರಿಸುವಾಗ ಪ್ರವೇಶ ಶುಲ್ಕ ಕೊಟ್ಟರೂ ಈ ಅಂತರದಲ್ಲಿ ಬಹುತೇಕ ಉಳಿಯುತ್ತೆ. ದೊಡ್ಡ ಶಾಲೆಯವರು "ಹತ್ತನೇ ತನಕ ಚಿಂತೆ ಇಲ್ಲ" ಅಂದಾಗ ಕೇಳಬೇಕಾದ್ದು ಒಂದೇ: ಯುಕೆಜಿಯಿಂದ ಒಂದನೇ ತರಗತಿಗೆ ಹೋಗುವಾಗ ಪ್ರವೇಶ ಶುಲ್ಕ ಮತ್ತೆ ಇದೆಯಾ? ಕೆಲವು ಕಡೆ ಇದೆ.

ಫ್ರಾಂಚೈಸಿಯ "ಬಡ್ಡಿ ಇಲ್ಲದ ಕಂತು" ವಿಚಾರದಲ್ಲಿ ಹುಷಾರು. ಹೆಚ್ಚಿನ ಕಡೆ ಅದು ಶಾಲೆಗೆ ಕಟ್ಟೋ ಕಂತಲ್ಲ. ಫೈನಾನ್ಸ್ ಕಂಪನಿ ನಿಮ್ಮ ಹೆಸರಲ್ಲಿ ಸಾಲ ಮಂಜೂರು ಮಾಡಿ ಇಡೀ ವರ್ಷದ ದುಡ್ಡನ್ನ ಶಾಲೆಗೆ ಮೊದಲೇ ಕೊಟ್ಟುಬಿಡುತ್ತೆ, ನೀವು ಕಂಪನಿಗೆ ತೀರಿಸ್ತೀರಿ. ಎರಡನೇ ತಿಂಗಳಿಗೆ ಮಗುವನ್ನ ಬಿಡಿಸಿದ್ರೂ, ಶಾಲೆಯೇ ಬೀಗ ಹಾಕಿದ್ರೂ, ಖಾತೆಯಿಂದ ಕಂತು ಹೋಗ್ತಾನೇ ಇರುತ್ತೆ. ನಿಲ್ಲಿಸಿದ್ರೆ ನಿಮ್ಮ ಸಿಬಿಲ್ ಸ್ಕೋರ್ ಕೆಡುತ್ತೆ. ಪ್ಯಾನ್, ಆಧಾರ್, ಓಟಿಪಿ, ಖಾತೆಯಿಂದ ತಾನಾಗಿ ಕಡಿತಕ್ಕೆ ಒಪ್ಪಿಗೆ, ಇಷ್ಟು ಕೇಳಿದ್ರೆ ಅದು ಸಾಲ ಅಂತಲೇ ತಿಳ್ಕೊಳ್ಳಿ. ತ್ರೈಮಾಸಿಕವಾಗಿ ನೇರ ಶಾಲೆಯ ಖಾತೆಗೆ ಕಟ್ತೀವಿ ಅನ್ನಿ.

"ಎಲ್ಲಾ ಸೇರಿ" ಅನ್ನೋದನ್ನ ಬಿಡಿಸಿ ಬರೆಸಿ: ಬೋಧನೆ, ಕಿಟ್, ಸಮವಸ್ತ್ರ ಎಷ್ಟು ಜೊತೆ, ವಾರ್ಷಿಕೋತ್ಸವದ ಡ್ರೆಸ್, ಫೋಟೋ, ಪಿಕ್‌ನಿಕ್. ಬೋಧನಾ ಶುಲ್ಕದ ಮೇಲೆ ಜಿಎಸ್‌ಟಿ ಹಾಕಿದ್ರೆ ಪ್ರಶ್ನಿಸಿ, ಪ್ರಿಸ್ಕೂಲ್‌ನಿಂದ ಪಿಯುವರೆಗಿನ ಬೋಧನೆಗೆ ಜಿಎಸ್‌ಟಿ ಇಲ್ಲ. ವಾಪಸಾತಿ ನಿಯಮದಲ್ಲಿ ಮೂರು ದಿನಾಂಕ ಇರಲಿ: ಶಾಲೆ ಶುರುವಾಗೋ ಮುಂಚೆ ಬಿಟ್ಟರೆ ಎಷ್ಟು, ಮೊದಲ ತಿಂಗಳಲ್ಲಿ ಬಿಟ್ಟರೆ ಎಷ್ಟು, ಆಮೇಲೆ ಎಷ್ಟು. ಬಾಯಿಮಾತಲ್ಲಿ ಹೇಳಿದ್ದನ್ನ ಅದೇ ದಿನ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ "ಸರಿಯಾ ಮೇಡಂ" ಅಂತ ಕೇಳಿ. ಅವರು "ಹೌದು" ಅಂದ್ರೆ ಅದೇ ದಾಖಲೆ.

ಸಂಪು_ಮುಚ್ಚಳ:

ನನ್ನ ಹೆಸರೇ ಹೇಳ್ತಿದೆ, ಮೊದಲು ಸಂಪು ನೋಡಿ. ಬಾಡಿಗೆ ಮನೆ ಪ್ಲೇ ಸ್ಕೂಲ್‌ಗಳಲ್ಲಿ ಅದು ಮುಂದಿನ ಪೋರ್ಟಿಕೋದಲ್ಲೇ ಇರುತ್ತೆ, ಮಕ್ಕಳು ಸಾಲಾಗಿ ನಿಲ್ಲೋ ಜಾಗದಲ್ಲಿ. ಮುಚ್ಚಳದ ಅಂಚಿಗೆ ಕಾಲಿಟ್ಟು ನೋಡಿ, ಅಲ್ಲಾಡಬಾರದು. ಬೀಗ ಇರಬೇಕು, ಬೀಗ ಹಾಕಿರಲೂ ಬೇಕು. ಟ್ಯಾಂಕರ್ ಬರುವ ಹೊತ್ತು ಯಾವುದು ಕೇಳಿ, ಶಾಲೆ ನಡೆಯುವಾಗ ಆಗಿದ್ರೆ ಅಪಾಯ. ಬಚ್ಚಲಲ್ಲಿ ನೀರು ತುಂಬಿಟ್ಟ ಬಕೆಟ್ ಇರಬಾರದು. ಚಿಕ್ಕ ಮಗುವಿನ ತಲೆ ಭಾರ, ಬಗ್ಗಿ ಮುಗ್ಗರಿಸಿದ್ರೆ ತಾನಾಗಿ ಮೇಲೇಳೋಕೆ ಆಗಲ್ಲ, ಅರ್ಧ ಬಕೆಟ್ ನೀರು ಸಾಕು.

ಅಲ್ಲೇ ಟಾಯ್ಲೆಟ್ ಬಾಗಿಲು: ಒಳಗಿನ ಚಿಲಕ ಮಗುವಿಗೆ ಎಟುಕಬಾರದು, ಅಥವಾ ತೆಗೆದೇ ಹಾಕಿರಬೇಕು. ಫಿನಾಯಿಲ್, ಆಸಿಡ್ ಬಾಟಲಿ ಎಲ್ಲಿಡ್ತಾರೆ? ಕಮೋಡ್ ಹಿಂದೆ ಕಂಡ್ರೆ ಅಲ್ಲಿಗೇ ಮುಗೀತು, ಟೀ ಕುಡಿಯದೇ ಎದ್ದು ಬನ್ನಿ.

ಒಂದನೇ ಮಹಡಿಯಲ್ಲಿ ತರಗತಿ ಇದ್ರೆ ಮೆಟ್ಟಿಲ ಮೇಲೆ ಕೆಳಗೆ ಎರಡೂ ಕಡೆ ಗೇಟು ಇರಲಿ, ಕಂಬಿಗಳ ನಡುವೆ ನಾಲ್ಕು ಇಂಚಿಗಿಂತ ಜಾಸ್ತಿ ಸಂದು ಬೇಡ. ಬೆಂಕಿ ಆರಿಸೋ ಸಿಲಿಂಡರ್‌ನ ಮುಳ್ಳು ಹಸಿರು ಪಟ್ಟಿಯಲ್ಲಿದೆಯಾ, ಇಳಿಯೋಕೆ ಎರಡನೇ ದಾರಿ ಇದೆಯಾ ಕೇಳಿ. ಇಲ್ಲ ಅಂದ್ರೆ ಮಗುವಿನ ಕೋಣೆ ನೆಲಮಹಡಿಯಲ್ಲೇ ಇರಲಿ ಅಂತ ಪಟ್ಟು ಹಿಡೀರಿ.

ಮಧ್ಯಾಹ್ನ ಬಿಡುವ ಹೊತ್ತಿಗೆ ಎದುರು ರಸ್ತೆಯಲ್ಲಿ ಹದಿನೈದು ನಿಮಿಷ ನಿಂತು ನೋಡಿ, ಶಾಲೆಗೆ ಹೇಳದೆ. ಗೇಟು ಹಾರುಹೊಡೆದು ಮಕ್ಕಳು ತಾವೇ ಹೊರಗೆ ಬರ್ತಾರಾ, ಅಥವಾ ಒಬ್ಬರು ಹೆಸರು ಕೂಗಿ, ಮುಖ ನೋಡಿ, ಕೈಗೆ ಕೈ ಕೊಡ್ತಾರಾ? ಇವತ್ತು ಚಿಕ್ಕಪ್ಪ ಕರೆಯೋಕೆ ಬಂದ್ರೆ ಏನು ಮಾಡ್ತೀರಿ ಅಂತ ಕೇಳಿ. "ಮಗು ಗುರುತಿಸಿದ್ರೆ ಕಳಿಸ್ತೀವಿ" ಅನ್ನೋದು ತಪ್ಪು ಉತ್ತರ. ನೀವು ಕೊಟ್ಟ ಪಟ್ಟಿಯಲ್ಲಿ ಹೆಸರು-ಫೋಟೋ ಇರಬೇಕು, ಇಲ್ಲದಿದ್ರೆ ನಿಮ್ಮ ಫೋನಿಗೆ ಕರೆ ಬರಬೇಕು.

ವ್ಯಾನ್: ನಂಬರ್ ಪ್ಲೇಟ್ ಬಿಳಿಯದಾ ಹಳದಿಯದಾ ಅಂತ ಮೊದಲು ನೋಡಿ. ಬಿಳಿ ಬೋರ್ಡಿನ ಓಮ್ನಿ ಬಾಡಿಗೆಗೆ ಓಡಿಸುವಂತಿಲ್ಲ, ಅಪಘಾತವಾದ್ರೆ ವಿಮೆ ಸಿಗೋದು ಕಷ್ಟ. ಡ್ರೈವರ್ ಬಿಟ್ಟು ಇನ್ನೊಬ್ಬರು ಮಕ್ಕಳ ಜೊತೆ ಇರಬೇಕು. ಕೊನೇ ಸ್ಟಾಪ್ ಆದಮೇಲೆ ಹಿಂದಿನ ಸೀಟಿನ ತನಕ ನಡೆದು ನೋಡ್ತಾರಾ ಕೇಳಿ. ನಿದ್ದೆ ಹೋದ ಮಗು ವ್ಯಾನಿನಲ್ಲೇ ಉಳಿಯೋದು ಆ ಒಂದು ಹೆಜ್ಜೆ ತಪ್ಪಿದಾಗ.

ಡ್ರೈವರ್, ಸೆಕ್ಯುರಿಟಿ, ಆಯಾ ಎಲ್ಲರದ್ದೂ ಪೊಲೀಸ್ ಪರಿಶೀಲನೆ ಆಗಿರಬೇಕು. ಮೊಬೈಲ್‌ನಲ್ಲೇ ನೋಡೋಕೆ ಆಗೋ ಸಿಸಿಟಿವಿ ಇರೋ ಕಡೆಗೇ ನನ್ನ ಒಲವು.

ಗುಬ್ಬಚ್ಚಿ_ಮಿಸ್:

ಕೊನೇ ಸಾಲಿಗೆ ಮಾತ್ರ ತಕರಾರು. ರೆಕಾರ್ಡ್ ಆಗೋ ಕ್ಯಾಮೆರಾ ಬೇಕೇ ಬೇಕು, ಎಷ್ಟು ದಿನದ ದೃಶ್ಯ ಉಳಿಯುತ್ತೆ, ದೂರು ಬಂದ್ರೆ ಪೋಷಕರಿಗೆ ಯಾರ ಮುಂದೆ ತೋರಿಸ್ತಾರೆ ಅನ್ನೋದು ಕೇಳಲೇಬೇಕು. ಆದರೆ ನೇರಪ್ರಸಾರ ಅಂದ್ರೆ ನಿಮ್ಮ ಮಗುವನ್ನ ಇನ್ನೂ ನಲವತ್ತು ಮನೆಯವರು, ಅವರ ಫೋನು ಹಿಡಿದ ಯಾರು ಬೇಕಾದ್ರೂ ನೋಡ್ತಾರೆ, ಸ್ಕ್ರೀನ್ ರೆಕಾರ್ಡ್ ಮಾಡ್ಕೊಳ್ತಾರೆ. ಮಿಸ್ ಕೂಡ ಕ್ಯಾಮೆರಾಗೆ ಪಾಠ ಮಾಡೋಕೆ ಶುರು ಮಾಡ್ತಾರೆ: ಮಕ್ಕಳು ಮಣ್ಣಾಗೋ ಆಟ ನಿಂತು, ಸಾಲಾಗಿ ಕೂರಿಸಿದ ಶಿಸ್ತು ಬರುತ್ತೆ. ಅಪಾಯ ಇರೋ ಎರಡು ಜಾಗ, ಟಾಯ್ಲೆಟ್ ಮತ್ತು ವ್ಯಾನ್. ಟಾಯ್ಲೆಟ್ ಒಳಗೆ ಕ್ಯಾಮೆರಾ ಇರುವಂತಿಲ್ಲ. ಹಾಗಾಗಿ ಟಾಯ್ಲೆಟ್‌ಗೆ ಹೋಗೋ ಓಣಿಯಲ್ಲಿ ಒಂದು, ವ್ಯಾನ್ ಒಳಗೆ ಒಂದು ಇದೆಯಾ ನೋಡಿ. ಸ್ವಚ್ಛ ಮಾಡಿಸೋದು ಮಹಿಳಾ ಸಿಬ್ಬಂದಿ ಮಾತ್ರವಾ ಅಂತ ನೇರವಾಗಿ ಕೇಳಿ, ಮುಜುಗರ ಬೇಡ.

ಸಂಪು_ಮುಚ್ಚಳ:

ಓಣಿಯ ಕ್ಯಾಮೆರಾ ಮಾತು ಒಪ್ಪಿದೆ. ನೇರಪ್ರಸಾರದ ಬಗ್ಗೆ ಇನ್ನೂ ಒಪ್ಪಿಲ್ಲ. ತರಗತಿ ಒಳಗೆ ಕೂತು ನೋಡೋಕೆ ಬಿಡದ ಶಾಲೆಗೆ ಅದಾದ್ರೂ ಇರಲಿ.

ಮೈಸೂರ್_ಅಪ್ಪ:

ತುಂಬಾ ಉಪಕಾರ. ಎಲ್‌ಕೆಜಿ ಮಾತು ಕೈಬಿಟ್ಟೆ. ಇನ್ನು ಮೂರು ಪ್ರಶ್ನೆ. ಒಂದು, "ಇಂಟರಾಕ್ಷನ್" ಕಾನೂನುಬದ್ಧವಾ? ಎರಡು, ದೊಡ್ಡ ಶಾಲೆಯಲ್ಲಿ "ಇಲ್ಲಿ ಇಂಗ್ಲಿಷ್ ಮಾತ್ರ" ಅಂತ ಬೋರ್ಡಿದೆ, ಇವಳಿಗೆ ಕಷ್ಟ ಆಗುತ್ತಾ? ಮೂರು, ಟಾಯ್ಲೆಟ್ ಹಿಂಜರಿಕೆಗೆ ಈಗಿಂದಲೇ ಏನು ಮಾಡಬಹುದು?

ಲೆಕ್ಕದ_ಮೇಷ್ಟ್ರು:

ಮೊದಲನೆಯದಕ್ಕೆ: ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರವೇಶಕ್ಕಾಗಿ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸೋದನ್ನ ನಿಷೇಧಿಸುತ್ತೆ, ದಂಡವೂ ಇದೆ. ಆದರೆ ಆ ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳದ್ದು, ನರ್ಸರಿ ಪ್ರವೇಶಕ್ಕೆ ಅದನ್ನ ಹಿಡಿದು ವಾದ ಮಾಡೋದು ಸುಲಭ ಅಲ್ಲ. ಹೋಗಿ, ಆದರೆ ಅಲ್ಲಿ ನೀವೂ ಪರೀಕ್ಷೆ ಮಾಡಿ. ಮಗುವನ್ನ ನಿಮ್ಮಿಂದ ಬಿಡಿಸಿ ಬೇರೆ ಕೋಣೆಗೆ ಒಯ್ದು ಬಣ್ಣ, ಪ್ರಾಣಿ, ಎಬಿಸಿಡಿ ಕೇಳ್ತಾರೆ ಅಂದ್ರೆ ಒಂದು ಥರ. ನಿಮ್ಮನ್ನೂ ಕೂರಿಸಿಕೊಂಡು ಆಟಿಕೆ ಕೊಟ್ಟು, ಊಟ-ನಿದ್ದೆ-ಅಲರ್ಜಿ ಬಗ್ಗೆ ಕೇಳಿ ಬರ್ಕೊಳ್ತಾರೆ ಅಂದ್ರೆ ಇನ್ನೊಂದು ಥರ.

ದೊಡ್ಡ ಶಾಲೆಯ ಯುಡೈಸ್ ಸಂಖ್ಯೆಯನ್ನೂ (ಸರ್ಕಾರಿ ದಾಖಲೆಯಲ್ಲಿ ಶಾಲೆಯ ಗುರುತಿನ ಸಂಖ್ಯೆ) ಕೇಳಿ, ಹನ್ನೊಂದು ಅಂಕಿ, ಕರ್ನಾಟಕದ್ದು 29ರಿಂದ ಶುರು. ಸಿಬಿಎಸ್‌ಇ ಅಂತ ಬೋರ್ಡಲ್ಲಿದ್ದು ಮಂಡಳಿಯ ಸಂಯೋಜನೆ (ಅಫಿಲಿಯೇಷನ್) ಇನ್ನೂ ಸಿಕ್ಕಿರದ ಶಾಲೆಗಳೂ ಇವೆ, ಸಂಯೋಜನೆ ಸಂಖ್ಯೆಯನ್ನ ಮಂಡಳಿಯ ಜಾಲತಾಣದಲ್ಲೇ ತಾಳೆ ನೋಡಿ.

ಗುಬ್ಬಚ್ಚಿ_ಮಿಸ್:

ಬೋರ್ಡಿನ ಬಗ್ಗೆ ತಲೆ ಕೆಡಿಸ್ಕೋಬೇಡಿ, ಅಳುವ ಮಗುವನ್ನ ಮಿಸ್ ಯಾವ ಭಾಷೆಯಲ್ಲಿ ಸಮಾಧಾನ ಮಾಡ್ತಾರೆ ಅಂತ ನೋಡಿ. ಪಾಠ ಇಂಗ್ಲಿಷಿನಲ್ಲಿದ್ದು ಸಮಾಧಾನ ಕನ್ನಡದಲ್ಲಿದ್ರೆ ಮಗು ಎರಡನ್ನೂ ಕಲಿಯುತ್ತೆ. ಕನ್ನಡದಲ್ಲಿ ನೀರು ಕೇಳಿದ ಮಗುವಿಗೆ "ಇಂಗ್ಲಿಷಲ್ಲಿ ಕೇಳು" ಅಂತ ಕಾಯಿಸ್ತಾರೆ ಅಂದ್ರೆ ಮಗು ಕೇಳೋದನ್ನೇ ಬಿಡುತ್ತೆ. ನೀರೂ ಕೇಳಲ್ಲ, ಟಾಯ್ಲೆಟ್ಟೂ ಕೇಳಲ್ಲ, ಮನೆಗೆ ಬಂದು ಬಾಗಿಲಲ್ಲೇ ಒದ್ದೆ ಮಾಡ್ಕೊಳ್ಳುತ್ತೆ. ಯಾವ ಶಾಲೆಗೆ ಹಾಕ್ತಿರೋ, ನಿಮ್ಮ ಮಗಳ ಮಾತುಗಳನ್ನ ಒಂದು ಚೀಟಿಯಲ್ಲಿ ಬರೆದು ಮಿಸ್‌ಗೂ ಆಯಾಗೂ ಕೊಡಿ: ಸುಸು, ಕಕ್ಕ, ಬಾಯಾರಿಕೆ, ನೋವಿಗೆ ಮನೆಯಲ್ಲಿ ಏನಂತಾಳೋ ಅದೇ ಪದ.

ಟಾಯ್ಲೆಟ್‌ಗೆ: ಈಗಿಂದ ಜೂನ್ ತನಕ ಮನೆ ಬಿಟ್ಟು ಬೇರೆ ಕಡೆ, ನೆಂಟರ ಮನೆ, ಹೋಟೆಲು, ವಾರಕ್ಕೊಮ್ಮೆಯಾದ್ರೂ ಹೋಗಿ ಅಭ್ಯಾಸ ಆಗಲಿ. ಶಾಲೆಯಲ್ಲಿರೋದು ಕಮೋಡಾ ನೆಲದ್ದಾ ನೋಡ್ಕೊಂಡು ಬನ್ನಿ, ಮನೆಯಲ್ಲಿರೋದಕ್ಕಿಂತ ಬೇರೆ ಆದ್ರೆ ಅದೇ ಅರ್ಧ ಹೆದರಿಕೆ. ಎಲಾಸ್ಟಿಕ್ ಚಡ್ಡಿ-ಪ್ಯಾಂಟ್ ಮಾತ್ರ ಹಾಕಿ, ಗುಂಡಿ, ಬೆಲ್ಟು, ಡಂಗ್ರಿ ಬೇಡ. ತಾನೇ ಇಳಿಸಿ ಏರಿಸೋಕೆ ಬಂದ್ರೆ ಅರ್ಧ ಧೈರ್ಯ ಬರುತ್ತೆ. ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಒಂದು ಪ್ಲಾಸ್ಟಿಕ್ ಕವರ್. ಶಾಲೆಗೆ ಸೇರಿದ ದಿನ ಮಿಸ್ ಜೊತೆ ನೀವೂ ಒಮ್ಮೆ ಟಾಯ್ಲೆಟ್ ತನಕ ಹೋಗಿ, ನಲ್ಲಿ ತಿರುಗಿಸಿ ತೋರಿಸಿ. ಆಮೇಲೆ "ಕೇಳಿದಾಗ" ಅಲ್ಲ, ಗಂಟೆಗೊಮ್ಮೆ ಮಿಸ್ಸೇ ಕರೆದುಕೊಂಡು ಹೋಗ್ತಾರಾ ಅಂತ ವಿಚಾರಿಸಿ.

ಮೊದಲ ಎರಡು ಮೂರು ವಾರ ಅಳು ಸಹಜ. ಶಾಲೆಯವರು ಮೊದಲ ವಾರ ಒಂದೊಂದು ಗಂಟೆ ಇಟ್ಕೊಂಡು ನಿಧಾನ ಹೆಚ್ಚಿಸ್ತಾರಾ, ಪೋಷಕರು ಒಂದೆರಡು ದಿನ ಒಳಗೆ ಇರಬಹುದಾ ಅಂತ ಈಗಲೇ ಕೇಳಿಟ್ಕೊಳ್ಳಿ. "ಮೊದಲ ದಿನದಿಂದಲೇ ಪೂರ್ತಿ ಹೊತ್ತು, ಗೇಟಿನಲ್ಲೇ ಬಿಟ್ಟು ಹೋಗಿ" ಅನ್ನೋರು ಅಳು ನಿಲ್ಲಿಸ್ತಾರೆ ನಿಜ, ಮಗು ಸುಸ್ತಾಗಿ ನಿಲ್ಲಿಸೋದು ಬೇರೆ, ಸಮಾಧಾನ ಆಗಿ ನಿಲ್ಲಿಸೋದು ಬೇರೆ. ಬಿಡುವಾಗ ಕಣ್ಣು ತಪ್ಪಿಸಿ ಹೋಗಬೇಡಿ, ಹೇಳಿಯೇ ಹೋಗಿ. ಒಮ್ಮೆ ಹೊಂದಿಕೊಂಡ ಮೇಲೆ ಮತ್ತೆ ಹಾಸಿಗೆ ಒದ್ದೆ, ಮಲಬದ್ಧತೆ, ಒಬ್ಬರ ಹೆಸರು ಹೇಳಿದ್ರೆ ಅಂಜೋದು ಕಂಡ್ರೆ ಕಾಯಬೇಡಿ. ಅದೇ ದಿನ ಶಾಲೆಗೆ ಹೋಗಿ ಕೇಳಿ, ಅನುಮಾನ ಗಟ್ಟಿಯಾದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಧಾರವಾಡ_ಪೇಡೆ:

ಒಂದು ಮಾತು ಬಿಟ್ಟುಹೋತು. ಜ್ವರ ಬಂದ ಮಗುವನ್ನ ಶಾಲಿಗೆ ಬಿಡ್ತಾರೇನು ಕೇಳ್ರಿ. ಔಷಧ ಇಲ್ಲದ ಒಂದು ಪೂರ್ತಿ ದಿನ ಜ್ವರ ಇಳಿದಿರಬೇಕು ಅನ್ನೋ ನಿಯಮ ಇದ್ದಲ್ಲಿ ಕೈ-ಕಾಲು-ಬಾಯಿ ಹುಣ್ಣಿನ ರೋಗ ಬಂದಾಗ ಸ್ವಲ್ಪನಾದ್ರೂ ತಡಿತೈತಿ. ಡಬ್ಬಿಗೆ ಇಡೀ ದ್ರಾಕ್ಷಿ, ಶೇಂಗಾ, ಪಾಪ್‌ಕಾರ್ನ್ ಹಾಕಿ ಕಳಿಸಬ್ಯಾಡ್ರಿ, ಗಂಟಲಾಗ ಸಿಕ್ಕೋತಾವು. ದ್ರಾಕ್ಷಿ ಇದ್ರ ಉದ್ದಕ್ಕ ಸೀಳಿ ಹಾಕ್ರಿ. ಗಂಟಲಾಗ ಸಿಕ್ರ ಏನು ಮಾಡಬೇಕು ಅಂತ ಮಿಸ್‌ಗೆ ಗೊತ್ತೈತೇನು ಅಂತ ಕೇಳಿದ್ರ ಅವ್ರ ತರಬೇತಿ ಎಷ್ಟು ಅನ್ನೂದೂ ತಿಳೀತೈತಿ.

ಮೈಸೂರ್_ಅಪ್ಪ:

ಮಾಂಟೆಸ್ಸರಿಗೆ ಫೋನ್ ಮಾಡಿದೆ, ಬುಧವಾರ ಹತ್ತೂವರೆಗೆ ಕೂತು ನೋಡೋಕೆ ಒಪ್ಪಿದ್ರು. ಫ್ರಾಂಚೈಸಿಯವರು "ಮಕ್ಕಳಿಗೆ ಡಿಸ್ಟರ್ಬ್ ಆಗುತ್ತೆ, ಬೇಕಾದ್ರೆ ವಿಡಿಯೋ ಕಳಿಸ್ತೀವಿ" ಅಂದ್ರು. ಅಂಗನವಾಡಿಗೆ ಅತ್ತೆ ಜೊತೆ ಶುಕ್ರವಾರ ಹೋಗ್ತೀವಿ.

ಖಾತೆ_ಪುಸ್ತಕ:

ಬುಧವಾರ ಹೋದಾಗ ಮೂರು ಕಂತಿನ ತಾರೀಖು ಕೇಳ್ಕೊಂಡು ಬನ್ನಿ. ಮೊದಲ ಕಂತಿನಲ್ಲೇ ಅರವತ್ತು ಪರ್ಸೆಂಟ್ ಕೇಳಿದ್ರೆ ಮೂರು ಸಮಪಾಲು ಮಾಡಿಸಿ.